ಅನುಮಾನ

ಸಂಜೆ ಏಳರ ಹೊತ್ತಿಗೆ ನಮ್ಮ ಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತ ನಾನು, ಎದುರಿಗೆ ಪ್ರಶ್ನೆಪತ್ರಿಕೆ ಹರಡಿಕೊಂಡ ಮಗಳು. ಅವಳು ಕ್ಯಾಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಲೆಕ್ಕದಲ್ಲಿ ಚುರುಕು. ಎಡವುವುದು ಇಂಗ್ಲಿಷ್ ಗದ್ಯಭಾಗ ಓದಿ ಉತ್ತರಿಸುವಲ್ಲಿ. ಅದರಲ್ಲೂ ‘ಇದರಿಂದ ಏನನ್ನು ಊಹಿಸಬಹುದು?’ ಎಂಬ ಪ್ರಶ್ನೆ ಬಂತೆಂದರೆ ಮುಗಿಯಿತು.

ಒಂದು ದಿನ ಬೇಸತ್ತು ನನಗೇ ಓದಿ ಹೇಳಿದಳು. ಒಂದು ಊರಿಗೆ ರೈಲು ಬಂದ ಮೇಲೆ ಸಂತೆ ದೊಡ್ಡದಾಯಿತು. ಅದೇ ವರ್ಷಗಳಲ್ಲಿ ಹಲವು ನೇಕಾರರು ಮಗ್ಗ ಬಿಟ್ಟರು. ಇಷ್ಟೇ ಅದರ ಸಾರ. ‘ರೈಲು ನೇಕಾರರ ಬದುಕನ್ನು ಹಾಳು ಮಾಡಿತು’ ಎಂದು ಇವಳು ಗುರುತು ಹಾಕಿದ್ದಳು. ಕೇಳಿದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸರಿಯುತ್ತರ ಬೇರೆ: ‘ಸಂತೆ ಬೆಳೆದಾಗ ಊರಿನ ಎಲ್ಲರ ಕಸುಬೂ ಬೆಳೆಯಲಿಲ್ಲ.’

“ಇದೇನಮ್ಮ, ಇಷ್ಟು ಸಪ್ಪೆ ಉತ್ತರ!” ಎಂದಳು.

ಸಪ್ಪೆಯೇ. ಆದರೆ ರೈಲಿನಿಂದಲೇ ಮಗ್ಗ ನಿಂತಿತೆಂದು ಬರೆದವರು ಎಲ್ಲಿಯೂ ಹೇಳಿಲ್ಲ. ಆ ಕೊಂಡಿಯನ್ನು ಹಾಕಿದವರು ನಾವು. ಆ ದಿನದಿಂದ ಅವಳು ಒಂದು ಪಾಠ ಮಾಡಿಕೊಂಡಿದ್ದಾಳೆ. ಉತ್ತರ ಆರಿಸುವ ಮೊದಲು, ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡಬೇಕು. ಬೆರಳಿಡಲು ಸಾಲು ಸಿಗದಿದ್ದರೆ ಆ ಉತ್ತರ ಎಷ್ಟು ಚೆಂದವಿದ್ದರೂ ಬಿಡಬೇಕು. ‘ಯಾವಾಗಲೂ’, ‘ಮಾತ್ರ’, ‘ಎಂದಿಗೂ ಇಲ್ಲ’ ಎಂಬ ಮಾತುಗಳು ಕಂಡರೆ ಎರಡು ಸಲ ನೋಡಬೇಕು. ತಾನು ಮೊದಲೇ ತಿಳಿದದ್ದನ್ನು ಗದ್ಯದೊಳಗೆ ತುರುಕಬಾರದು. ಹೀಗೆ ಮಾಡತೊಡಗಿದ ಮೇಲೆ ತಪ್ಪುಗಳು ಕಡಿಮೆಯಾಗಿವೆ.

ನನ್ನ ತಂದೆ ಸಂಸ್ಕೃತ ಮೇಷ್ಟ್ರು. ನ್ಯಾಯಶಾಸ್ತ್ರದಲ್ಲಿ ನಾಲ್ಕು ಪ್ರಮಾಣಗಳೆಂದು ಅವರು ಹೇಳುತ್ತಿದ್ದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಆದರೆ ಕಂಡದ್ದು ಹೊಗೆಯೋ ಮಂಜೋ ಎಂದು ಮೊದಲು ನೋಡಬೇಕು. ಮಂಜಾದರೆ ಬೆಂಕಿಯ ಮಾತೇ ಇಲ್ಲ. ಶಾಸ್ತ್ರದಲ್ಲಿ ಅರಿವಿನ ದಾರಿಯಾದ ಈ ‘ಅನುಮಾನ’ ನಮ್ಮ ಮನೆಮಾತಿಗೆ ಬರುವಾಗ ಸಂಶಯವಾಗಿಬಿಟ್ಟಿದೆ. “ಅವಳಿಗೆ ನನ್ನ ಮೇಲೆ ಅನುಮಾನ” ಎನ್ನುತ್ತೇವೆ. ಹೊಗೆ, ಮಂಜು ಎರಡನ್ನೂ ಒಂದೇ ಮಾಡಿಕೊಂಡವರು ನಾವೇ ಇರಬೇಕು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ನಮ್ಮ ಗೃಹಪ್ರವೇಶದ ದಿನ ನನ್ನ ಓರಗಿತ್ತಿ ಊಟ ಮಾಡದೆ ಹೊರಟುಹೋದಳು. ಕೈಯಲ್ಲಿ ಗಾಜಿನ ಬಳೆ ಬಿಟ್ಟರೆ ಚಿನ್ನವಿರಲಿಲ್ಲ. ನಾನು ಕಂಡದ್ದು ಇವೆರಡೇ. ಕಟ್ಟಿಕೊಂಡದ್ದು ಒಂದು ಕಥೆ: ನಮ್ಮ ಮನೆ ಕಂಡು ಹೊಟ್ಟೆಕಿಚ್ಚು, ನಮ್ಮಲ್ಲಿಗೆ ಬರಲು ಒಡವೆ ಯಾಕೆಂಬ ತಾತ್ಸಾರ. ನಾಲ್ಕು ವರ್ಷ ಮಾತು ಬೇಕಾದಷ್ಟಕ್ಕೇ ನಿಂತಿತು.

ಅತ್ತೆಯವರ ತಿಥಿಯ ದಿನ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಅವಳಾಗಿಯೇ ಹೇಳಿದಳು: “ಅಕ್ಕ, ಆವತ್ತು ಬಳೆ ಅಡ ಇಟ್ಟಿದ್ವಿ. ಮುಯ್ಯಿ ಮಾಡೋದಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಎಲ್ಲರೂ ಮುಯ್ಯಿ ಕೊಡೋ ಹೊತ್ತಲ್ಲಿ ಹೇಗೆ ನಿಂತಿರಲಿ ಅಂತ ಹೊರಟುಬಿಟ್ಟೆ.”

ತುರಿಯುವ ಸದ್ದು ನಿಲ್ಲಲಿಲ್ಲ. ನನಗೆ ತಲೆಯೆತ್ತಲಾಗಲಿಲ್ಲ.

ಹಾಗಾದರೆ ಬರಿಗೈ ಕಂಡಾಗಲೇ ನಾನು ಅವರ ಕಷ್ಟವನ್ನು ಊಹಿಸಬೇಕಿತ್ತೇ? ಬಹಳ ದಿನ ಹಾಗೇ ಅಂದುಕೊಂಡು ನೊಂದೆ. ಈಗ ಮಗಳ ಜೊತೆ ಕೂತ ಮೇಲೆ ಅದೂ ಸರಿಯಲ್ಲ ಎನಿಸುತ್ತದೆ. ಬಳೆ ಇಲ್ಲದ ಕೈ ಬಡತನವನ್ನೂ ಹೇಳುವುದಿಲ್ಲ, ತಾತ್ಸಾರವನ್ನೂ ಹೇಳುವುದಿಲ್ಲ. ಈ ದಿನ ಬಳೆ ಇಲ್ಲ ಎಂದಷ್ಟೇ ಹೇಳುತ್ತದೆ. ಕಾಣದ ಕಷ್ಟವನ್ನು ಊಹಿಸಿ ಕನಿಕರ ತೋರಿದ್ದರೂ ಅವಳಿಗೆ ಅದು ಮುಳ್ಳಾಗಬಹುದಿತ್ತು. ನನ್ನ ತಪ್ಪು ಕಷ್ಟ ತಿಳಿಯದಿದ್ದುದಲ್ಲ. ಕಂಡದ್ದಕ್ಕೆ ನಾಲ್ಕು ಅರ್ಥಗಳಿದ್ದಾಗ, ನನ್ನ ಅಭಿಮಾನಕ್ಕೆ ರುಚಿಸಿದ ಒಂದನ್ನೇ ಆರಿಸಿ ಅದನ್ನೇ ನಿಜವೆಂದು ನಂಬಿದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗೆಂದು ಏನನ್ನೂ ಊಹಿಸದೆ ಸಂಸಾರ ನಡೆಯುತ್ತದೆಯೇ? ಮಗುವಿನ ಅಳುವಿನಿಂದ ಹಸಿವನ್ನು, ಗಂಡನ ಮೌನದಿಂದ ಆಫೀಸಿನ ಕಿರಿಕಿರಿಯನ್ನು ತಿಳಿಯದ ಹೆಂಗಸುಂಟೇ? ಬೇಡವೆನ್ನಲಾರೆ. ಆದರೆ ಊಹೆಗೆ ಅಡುಗೆಯ ಉಪ್ಪಿನ ಹಾಗೆ ಒಂದು ಅಳತೆ ಬೇಕು.

ಮಗಳ ಪರೀಕ್ಷೆಯಲ್ಲಿ ಭಾಷೆಯ ಭಾಗಕ್ಕೆ 40 ನಿಮಿಷ. ಸರಿಯುತ್ತರಕ್ಕೆ 3 ಅಂಕ. ಕೊಟ್ಟ ನಾಲ್ಕರಲ್ಲಿ ತಪ್ಪಾದುದನ್ನು ಆರಿಸಿದರೆ 1 ಅಂಕ ಕಳೆಯುತ್ತಾರೆ. ತಿಳಿಯದ್ದನ್ನು ಬಿಟ್ಟರೆ ನಷ್ಟವಿಲ್ಲ. ಬದುಕಿನಲ್ಲಿ ಇದಕ್ಕಿಂತ ಹೆಚ್ಚಿನ ಅನುಕೂಲವಿದೆ. ಗದ್ಯ ಬರೆದವರು ಪರೀಕ್ಷೆಯ ಕೋಣೆಗೆ ಬಂದು ಅರ್ಥ ಹೇಳುವುದಿಲ್ಲ. ನನ್ನ ಓರಗಿತ್ತಿ ಒಂದು ಫೋನಿನಷ್ಟು ದೂರದಲ್ಲಿದ್ದಳು. ‘ಯಾಕಮ್ಮ, ಊಟ ಮಾಡದೆ ಹೋದೆ?’ ಎಂದು ಕೇಳಲು ನಾಲ್ಕು ವರ್ಷ ನನಗೆ ಬಾಯಿ ಬರಲಿಲ್ಲ.

ಎರಡು ವಾರದಿಂದ ಅವಳ ಫೋನ್ ಬಂದಿಲ್ಲ. ಯಾಕೆಂಬುದಕ್ಕೆ ಮನಸ್ಸು ಆಗಲೇ ನಾಲ್ಕು ಕಾರಣ ಜೋಡಿಸಿಟ್ಟಿದೆ. ಸೊಪ್ಪಿನ ತಟ್ಟೆ ಸರಿಸಿ, ಕೈ ಒರೆಸಿಕೊಂಡು, ನಾನೇ ಫೋನ್ ಮಾಡಲು ಎದ್ದೆ.