ಮುಗಿಯುವ ಕಥೆ, ಮುಗಿಯದ ಪರದೆ

ಕೊರಿಯಾದ ಧಾರಾವಾಹಿಗಳನ್ನು ನೋಡುವುದಕ್ಕೆ ಯಾವ ಆ್ಯಪ್ ಒಳ್ಳೆಯದು? ಚಳ್ಳಕೆರೆ, ಮೊಳಕಾಲ್ಮೂರಿನಂಥ ಊರುಗಳ ಮನೆಗಳಲ್ಲಿಯೂ ಇಂದು ಈ ಪ್ರಶ್ನೆ ಕೇಳಿಬರುತ್ತಿದೆ. ಕೇಳುವವರು ಹೆಚ್ಚಾಗಿ ಕಾಲೇಜಿಗೆ ಹೋಗುವ ಮಕ್ಕಳು; ಹಣ ಕೊಡಬೇಕಾದವರು ತಂದೆತಾಯಿ. ಮಕ್ಕಳಿಗೆ ಇದು ತೀರಾ ಸರಳವಾದ ಪ್ರಶ್ನೆ. ಹಿರಿಯರಿಗೆ ‘ಹಾಳು ಮೊಬೈಲ್’ ಎಂಬ ಎರಡು ಮಾತಿನಲ್ಲಿ ಮುಗಿದುಹೋಗುವ ಕಿರಿಕಿರಿ. ಆದರೆ ನಿಧಾನವಾಗಿ ಯೋಚಿಸಿದರೆ ಇದು ನೈತಿಕ ಚಿಂತನೆಗೆ ಯೋಗ್ಯವಾದ ಪ್ರಶ್ನೆಯೇ ಹೌದು. ಒಂದು ಮನೆಯ ಸಂಜೆಯ ಎರಡು ಮೂರು ಗಂಟೆಗಳು ಯಾರ ವಶವಾಗಬೇಕು ಎಂಬುದನ್ನು ಈ ಆಯ್ಕೆ ನಿರ್ಧರಿಸುತ್ತದೆ.

ಆರಿಸಿ ಕೊಳ್ಳುವ ವಿವೇಕ ನಮ್ಮ ಸೀಮೆಯವರಿಗೆ ಹೊಸದಲ್ಲ. ಚಳ್ಳಕೆರೆ ಶೇಂಗಾ ಮತ್ತು ಎಣ್ಣೆ ಗಿರಣಿಗಳ ಊರು. ಬಿತ್ತನೆಗೆಂದು ಶೇಂಗಾ ಕೊಳ್ಳುವ ರೈತ ಕಾಯಿ ಒಡೆದು, ಬೀಜವನ್ನು ಅಂಗೈಯಲ್ಲಿ ಹೊರಳಿಸಿ ನೋಡದೆ ಬೆಲೆ ಮಾತಾಡುವುದಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕೊಳ್ಳುವ ತಾಯಿ ಅಂಚನ್ನೂ ಸೆರಗನ್ನೂ ತಿರುವಿ ಒಳಮೈ ನೋಡುತ್ತಾಳೆ. ಇಷ್ಟು ಎಚ್ಚರವುಳ್ಳ ನಾವು ಆ್ಯಪ್ ವಿಷಯದಲ್ಲಿ ಮಾತ್ರ ಕಣ್ಣುಮುಚ್ಚಿ ಒಪ್ಪಿಗೆಯ ಗುಂಡಿ ಒತ್ತುತ್ತೇವೆ. ‘ತಿಂಗಳಿಗೆ ನೂರೈವತ್ತು ರೂಪಾಯಿ ತಾನೆ’ ಎಂಬ ಉದಾಸೀನವೇ ಇದಕ್ಕೆ ಕಾರಣ. ಬೆಲೆ ಕಡಿಮೆಯಾದಲ್ಲಿ ವಿಚಾರವೂ ಕಡಿಮೆಯಾಗುತ್ತದೆ.

ಮೊದಲು ಹಿರಿಯರ ಒಂದು ಆಕ್ಷೇಪವನ್ನು ಪರಿಶೀಲಿಸೋಣ. ‘ನಮ್ಮದಲ್ಲದ ದೇಶದ, ನಮ್ಮದಲ್ಲದ ಭಾಷೆಯ ಕಥೆ ನಮ್ಮ ಮಕ್ಕಳಿಗೇಕೆ?’ ಎಂದು ಅವರು ಕೇಳುತ್ತಾರೆ. ಮೊಳಕಾಲ್ಮೂರು ತಾಲ್ಲೂಕಿನವರು ಈ ಪ್ರಶ್ನೆಗೆ ಉತ್ತರವನ್ನು ತಮ್ಮ ಬಂಡೆಗಳಲ್ಲಿಯೇ ಓದಬಹುದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡನೆಂಬವನು ತಾನು ಲಿಪಿಕಾರನೆಂಬುದನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಸೂಚಿಸಿದ್ದಾನೆ. ಅಷ್ಟು ದೂರದಿಂದ ಬಂದ ಆ ಮಾತು ಹೇಳುವುದೇನು? ತಂದೆತಾಯಿಯರ ಮಾತಿಗೆ ಮನ್ನಣೆ ಇರಲಿ, ಪ್ರಾಣಿಗಳ ಮೇಲೆ ದಯೆಯಿರಲಿ, ಸತ್ಯವನ್ನು ನುಡಿಯಿರಿ, ಶಿಷ್ಯನು ಗುರುವನ್ನು ಗೌರವಿಸಲಿ ಎಂಬುದೇ ಅದರ ತಿರುಳು. ಭಾಷೆ ಪರಕೀಯವಾಗಿತ್ತು, ವಿಷಯ ನಮ್ಮ ಮನೆಯದೇ ಆಗಿತ್ತು. ಒಂದು ಮಾತು ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ನಮ್ಮನ್ನು ಏನಾಗಿಸುತ್ತದೆ ಎಂದು ಕೇಳುವುದು ಹೆಚ್ಚು ನ್ಯಾಯ.

ಕೊರಿಯಾದ ಧಾರಾವಾಹಿಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ. 2015–16ರಲ್ಲಿ ಪ್ರಸಾರವಾದ ‘ರಿಪ್ಲೈ 1988’ ಸೋಲ್ ನಗರದ ಒಂದು ಓಣಿಯಲ್ಲಿ ಬಾಳುವ ಐದು ಕುಟುಂಬಗಳ ಕಥೆ. ಅಲ್ಲಿ ಒಂದು ಮನೆಯ ಅಡುಗೆ ಬಟ್ಟಲಲ್ಲಿ ಇನ್ನೊಂದು ಮನೆಗೆ ಹೋಗುತ್ತದೆ. 2025ರ ಮಾರ್ಚ್‌ನಲ್ಲಿ ಬಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ಜೆಜು ದ್ವೀಪದ ಬಡ ತಂದೆತಾಯಿ ಮಗಳ ಓದಿಗಾಗಿ ಸವೆಯುವ ಕಥೆ. ನೇಕಾರರ ಮನೆಯಲ್ಲಿ ಹುಟ್ಟಿ ಓದಲು ಬೆಂಗಳೂರಿಗೆ ಹೋದ ಹುಡುಗಿಗೆ ಇದು ಪರದೇಶದ ಕಥೆಯೆಂದು ಅನ್ನಿಸಲಾರದು. ಹಾಗೆಂದು ಕೊರಿಯಾದ ಎಲ್ಲವೂ ಹೀಗೆಯೇ ಎಂದು ತಿಳಿಯಬಾರದು. 2021ರ ‘ಸ್ಕ್ವಿಡ್ ಗೇಮ್’ನಲ್ಲಿ ಸಾಲದಲ್ಲಿ ಮುಳುಗಿದ 456 ಮಂದಿ ಹಣಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟು ಮಕ್ಕಳ ಆಟಗಳನ್ನಾಡುತ್ತಾರೆ, ಅದು ಮಕ್ಕಳು ನೋಡುವ ಚಿತ್ರವಲ್ಲ. ಪರದೆಯ ಮೇಲೆ ಕುಟುಂಬದ ಬೆಚ್ಚನೆಯನ್ನು ಇಷ್ಟು ಚೆನ್ನಾಗಿ ತೋರಿಸುವ ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 0.72 ಮಗು ಎಂಬಷ್ಟು ಜನನ ಪ್ರಮಾಣ ಕುಸಿದಿತ್ತು ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಕಥೆ ಒಂದು ಸಮಾಜದ ಕನ್ನಡಿಯಾಗಿರುವಂತೆ ಅದರ ಹಂಬಲವೂ ಆಗಿರಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೊರಿಯಾದ ಧಾರಾವಾಹಿಯ ಒಂದು ಒಳ್ಳೆಯ ಗುಣವೆಂದರೆ ಅದು ಮುಗಿಯುತ್ತದೆ. ವರ್ಷಗಟ್ಟಲೆ ಎಳೆಯುವ ನಮ್ಮ ಸಂಜೆಯ ಧಾರಾವಾಹಿಗಳಂತಲ್ಲದೆ, ಸಾಮಾನ್ಯವಾಗಿ 16 ಕಂತುಗಳಲ್ಲಿ ಕಥೆ ಹೇಳಿ ಅದು ವಿರಮಿಸುತ್ತದೆ. ಅದರ ಹುಟ್ಟೂರಿನಲ್ಲಿ ವಾರಕ್ಕೆ ಎರಡು ಕಂತುಗಳ ಪದ್ಧತಿಯಿದೆ. ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ 2019ರ ಡಿಸೆಂಬರ್‌ನಿಂದ 2020ರ ಫೆಬ್ರವರಿಯವರೆಗೆ ಶನಿವಾರ ಮತ್ತು ಭಾನುವಾರಗಳಂದು ಪ್ರಸಾರವಾಯಿತು. ಎರಡು ತಿಂಗಳು ಕಾದು, ನಡುನಡುವೆ ಕೆಲಸ ಮಾಡಿ, ಮಾತಾಡಿ, ಕೊರಿಯಾದ ಜನ ಅದನ್ನು ನೋಡಿದರು. ಅದೇ ಕಥೆಯನ್ನು ನಮ್ಮ ಮಕ್ಕಳು ನಾಲ್ಕೈದು ರಾತ್ರಿಗಳಲ್ಲಿ ನಿದ್ದೆಗೆಟ್ಟು ಮುಗಿಸುತ್ತಾರೆ. ಕಥೆ ಅದೇ, ಬದಲಾದದ್ದು ಅದನ್ನು ತಂದುಕೊಡುವ ಬಗೆ.

ಕಥೆ ಮುಗಿಯುತ್ತದೆ, ಆದರೆ ಆ್ಯಪ್ ಮುಗಿಯುವುದಿಲ್ಲ. ಒಂದು ಕಂತು ಮುಗಿಯುವ ಮೊದಲೇ ಮುಂದಿನದು ತಾನಾಗಿ ಸಿದ್ಧವಾಗುತ್ತದೆ. ಹದಿನಾರನೆಯದು ಮುಗಿದರೆ ಅಂಥದೇ ಇನ್ನೊಂದು ಕಥೆ ಕದ ತಟ್ಟುತ್ತದೆ. ನೆಟ್‌ಫ್ಲಿಕ್ಸ್ ಸಂಸ್ಥೆಯ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ, ತಮ್ಮ ಸಂಸ್ಥೆಯ ಪೈಪೋಟಿ ಜನರ ನಿದ್ದೆಯೊಂದಿಗೆ ಎಂಬರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದ್ದರು. ಅಂಗಡಿಯವನು ತನಗೆ ಬೇಕಾದುದೇನೆಂದು ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾನೆ. ಇನ್ನು ಕೊಳ್ಳುವವನು ತನಗೆ ಬೇಕಾದುದೇನೆಂದು ತಿಳಿದುಕೊಳ್ಳಬೇಡವೇ?

‘ನಮ್ಮ ಹಿರಿಯರೂ ಇಡೀ ರಾತ್ರಿ ಬಯಲಾಟ ನೋಡುತ್ತಿರಲಿಲ್ಲವೇ?’ ಎಂದು ಮಕ್ಕಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೋಡುತ್ತಿದ್ದರು. ಆದರೆ ಸುಗ್ಗಿ ಮುಗಿದ ಮೇಲೆ, ಊರೆಲ್ಲ ಕೂಡಿ, ಅಜ್ಜಿಯ ಮಡಿಲಲ್ಲಿ ಮೊಮ್ಮಗು ಮಲಗಿರುವಾಗ ನೋಡುತ್ತಿದ್ದರು. ಬೆಳಕು ಹರಿಯುವ ವೇಳೆಗೆ ಮಂಗಳ ಹಾಡಿ ಆಟ ಮುಗಿಯುತ್ತಿತ್ತು. ವೇಷ ಕಳಚಿದ ರಾಜ ಮರುದಿನ ಕುಂಟೆ ಹಿಡಿದು ಹೊಲಕ್ಕೆ ಹೋಗುತ್ತಿದ್ದ. ಮರುರಾತ್ರಿ ಇನ್ನೊಂದು ಆಟ ಬಾಗಿಲಲ್ಲಿ ಕಾದಿರುತ್ತಿರಲಿಲ್ಲ. ‘ಇನ್ನು ಸಾಕು’ ಎಂದು ಹೇಳಲು ಸೂರ್ಯನಿದ್ದ. ಇಂದು ಆ ಮಾತನ್ನು ನಾವೇ ಹೇಳಿಕೊಳ್ಳಬೇಕಾಗಿದೆ. ಆದ್ದರಿಂದ ಯಾವ ಆ್ಯಪ್ ಎಂಬ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ: ನಮ್ಮ ಮನೆಯಲ್ಲಿ ‘ಸಾಕು’ ಎನ್ನುವವರು ಯಾರು?

ಈ ದೃಷ್ಟಿಯಿಂದ ಆಯ್ಕೆಯ ಕೆಲವು ಅಂಶಗಳನ್ನು ಗಮನಿಸೋಣ. ಮೊದಲನೆಯದು ಬೆಲೆ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಭಾರತದ ದರಗಳನ್ನು ಇಳಿಸಿದಾಗ, ಮೊಬೈಲ್ ಯೋಜನೆಗೆ ತಿಂಗಳಿಗೆ 149 ರೂಪಾಯಿ, ಟಿ.ವಿ.ಯಲ್ಲೂ ನೋಡಬಹುದಾದ ಕನಿಷ್ಠ ಯೋಜನೆಗೆ 199 ರೂಪಾಯಿ ನಿಗದಿಪಡಿಸಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಾವು ಸಹಜವಾಗಿ ಅಗ್ಗದ್ದನ್ನು ಆರಿಸುತ್ತೇವೆ. ಆದರೆ ಅಗ್ಗದ ಯೋಜನೆಯ ಕಥೆ ಅಂಗೈಯಗಲದ ಪರದೆಯಲ್ಲಿ, ಹೊದಿಕೆಯೊಳಗೆ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬರೇ ನೋಡುವ ಕಥೆಯಾಗುತ್ತದೆ. ನಡುಮನೆಗೆ ಬಂದ ಕಥೆಯನ್ನು ನಾಲ್ವರು ನೋಡುತ್ತಾರೆ, ನಗುತ್ತಾರೆ, ಜಗಳವಾಡುತ್ತಾರೆ. ಒಂಟಿಯಾಗಿ ನೋಡುವುದಕ್ಕೂ ಒಟ್ಟಾಗಿ ನೋಡುವುದಕ್ಕೂ ನಡುವಿನ ವ್ಯತ್ಯಾಸ ಅಲ್ಲಿ ಬರೀ 50 ರೂಪಾಯಿ. ಉಳಿತಾಯವೆಂದುಕೊಂಡು ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ?

ಎರಡನೆಯದು ಭಾಷೆ. ಆಂಧ್ರದ ಗಡಿಯಲ್ಲಿರುವ ಮೊಳಕಾಲ್ಮೂರಿನ ಎಷ್ಟೋ ಮನೆಗಳಲ್ಲಿ ತೆಲುಗು ಸಲೀಸು. ತೆಲುಗು ಧ್ವನಿಯಿದ್ದರೆ ಅಜ್ಜಿಯೂ ನೋಡಬಲ್ಲಳು. ಇಂಗ್ಲಿಷ್ ಅಡಿಬರಹ ಮಾತ್ರವಿದ್ದರೆ ಅಜ್ಜಿ ಹೊರಗುಳಿಯುತ್ತಾಳೆ, ಮಗ್ಗದ ಮುಂದೆ ಕುಳಿತ ತಂದೆಯೂ ಹೊರಗುಳಿಯುತ್ತಾನೆ. ನೇಯುವವನ ಕಿವಿ ಬಿಡುವಾಗಿರಬಹುದು, ಕಣ್ಣು ಬಿಡುವಾಗಿರುವುದಿಲ್ಲ. ಆದ್ದರಿಂದ ಯಾವ ಭಾಷೆಯಲ್ಲಿ ಲಭ್ಯ ಎಂಬುದು, ಮನೆಯವರಲ್ಲಿ ಯಾರು ಯಾರು ಕಥೆಯೊಳಗೆ ಬರಬಲ್ಲರು ಎಂಬ ಪ್ರಶ್ನೆ. ಅಡಿಬರಹದ ಬಗ್ಗೆ ಒಂದು ಒಳ್ಳೆಯ ಸಂಗತಿಯನ್ನೂ ಹೇಳಬೇಕು. 2013ರಲ್ಲಿ ಜಪಾನಿನ ರಾಕುಟೆನ್ ಸಂಸ್ಥೆ ಕೊಂಡುಕೊಂಡ ‘ವಿಕಿ’ ಎಂಬ ತಾಣ ಬೆಳೆದದ್ದು, ಜಗತ್ತಿನ ಹಲವು ದೇಶಗಳ ಸ್ವಯಂಸೇವಕರು ಕೊರಿಯಾದ ಮಾತುಗಳನ್ನು ತಮ್ಮ ತಮ್ಮ ಭಾಷೆಗಳಿಗೆ ಸಾಲು ಸಾಲಾಗಿ ಅನುವಾದಿಸಿದ್ದರಿಂದ. ತನಗೆ ಸಂತೋಷ ಕೊಟ್ಟದ್ದು ಇನ್ನೊಬ್ಬರಿಗೂ ತಿಳಿಯಲಿ ಎಂಬ ಔದಾರ್ಯ ಅದರ ಹಿಂದಿದೆ.

ಮೂರನೆಯದು ಪ್ರಾಮಾಣಿಕತೆ. ‘ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎಂಬ ಗಾದೆಯಂತೆ, ಕದ್ದು ಹಂಚಿದ ಪ್ರತಿಗಳನ್ನು ಅಂಜಿಕೆಯಿಲ್ಲದೆ ಇಳಿಸಿಕೊಳ್ಳುವ ರೂಢಿ ಎಲ್ಲೆಡೆ ಇದೆ. ಜಾಹೀರಾತು ತೋರಿಸಿ ಉಚಿತವಾಗಿ ಕೊಡುವ ಎಂ.ಎಕ್ಸ್. ಪ್ಲೇಯರ್‌ನಂಥ ತಾಣಗಳಲ್ಲಿ ನೋಡುವುದು ತಪ್ಪಲ್ಲ. ಅಲ್ಲಿ ಹಣದ ಬದಲು ನಮ್ಮ ಸಮಯವನ್ನು ತೆರುತ್ತೇವೆ. ಕದ್ದ ಪ್ರತಿಯ ಮಾತು ಬೇರೆ. ಒಂದು ಸೀರೆಯ ಹಿಂದೆ ದಿನಗಟ್ಟಲೆ ದುಡಿಮೆಯಿದೆ ಎಂದು ಬಲ್ಲ ನಾಡು, ಒಂದು ಕಥೆಯ ಹಿಂದೆಯೂ ಬರೆದವರ, ನಟಿಸಿದವರ, ದೀಪ ಹಿಡಿದವರ ದುಡಿಮೆಯಿದೆ ಎಂಬುದನ್ನು ಬಲ್ಲದಾಗಿರಬೇಕು. ಗುಪ್ತಪದವನ್ನು ಹಂಚಿಕೊಳ್ಳುವುದು ಇನ್ನಷ್ಟು ಸೂಕ್ಷ್ಮ. 2017ರಲ್ಲಿ ನೆಟ್‌ಫ್ಲಿಕ್ಸ್ ತಾನೇ, ಗುಪ್ತಪದ ಹಂಚಿಕೊಳ್ಳುವುದು ಪ್ರೀತಿಯ ಲಕ್ಷಣ ಎಂಬಂತೆ ತಮಾಷೆ ಮಾಡಿತ್ತು. 2023ರ ಜುಲೈನಲ್ಲಿ ಭಾರತದಲ್ಲಿ ಒಂದೇ ಮನೆಯವರಿಗೆ ಮಾತ್ರ ಎಂಬ ನಿಯಮವನ್ನು ಜಾರಿಗೆ ತಂದಿತು. ವ್ಯಾಪಾರಿಯ ಮಾತು ಬದಲಾದೀತು. ಒಪ್ಪಿ ಸಹಿ ಹಾಕಿದ ಮೇಲೆ ನಮ್ಮ ಮಾತು ಬದಲಾಗಬಾರದು. ಮಕ್ಕಳು ಪ್ರಾಮಾಣಿಕತೆಯನ್ನು ಕಲಿಯುವುದು ಇಂಥ ಸಣ್ಣ ವ್ಯವಹಾರಗಳಲ್ಲಿಯೇ.

ನಾಲ್ಕನೆಯದು ಒಳಬರುವ ಮತ್ತು ಹೊರಹೋಗುವ ಬಾಗಿಲು. 2021ರ ಫೆಬ್ರವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಯಾವ ಚಿತ್ರ ಯಾವ ವಯಸ್ಸಿನವರಿಗೆ ಎಂಬುದನ್ನು ಈ ತಾಣಗಳು ತೋರಿಸಬೇಕು. ಹದಿಮೂರು ಮೀರಿದವರಿಗೆಂದು ಗುರುತಿಸಿದವುಗಳಿಗೆ ತಂದೆತಾಯಿ ಬೀಗ ಹಾಕುವ ಅವಕಾಶವನ್ನೂ ಒದಗಿಸಬೇಕು. ಆ ಬೀಗ ಎಲ್ಲಿದೆಯೆಂದು ಮಕ್ಕಳನ್ನೇ ಕೇಳಿ ತಿಳಿಯಿರಿ, ನಾಚಿಕೆಯೇನಿಲ್ಲ. ಹೊರಹೋಗುವ ಬಾಗಿಲೂ ಸರಾಗವಾಗಿರಬೇಕು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ರೂಪಿಸುವ ಚಂದಾ ಬಲೆಯನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಾನು ಪಟ್ಟಿಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಒಂದೆಂದು ಹೇಳಿ ನಿಷೇಧಿಸಿತು. ಕೊಳ್ಳುವ ಮುನ್ನ ಬಿಡುವುದು ಹೇಗೆಂದು ನೋಡಿಕೊಳ್ಳಿ. ಮುಂದಿನ ಕಂತು ತಾನಾಗಿ ಆರಂಭವಾಗದಂತೆ ತಡೆಯುವ ಅವಕಾಶವಿದ್ದರೆ ಮೊದಲ ದಿನವೇ ತಡೆಯಿರಿ. ಆ ಒಂದು ಸಣ್ಣ ಬದಲಾವಣೆಯಿಂದ ‘ಇನ್ನೊಂದು ಕಂತು ಬೇಕೇ?’ ಎಂಬ ಪ್ರಶ್ನೆಯನ್ನು ಮನುಷ್ಯನೇ ಕೇಳಿಕೊಳ್ಳುವಂತಾಗುತ್ತದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಸಮೂಹ ಮಾಧ್ಯಮಗಳ ಕುರಿತ ಆದೇಶಪತ್ರ, ಮಾಧ್ಯಮವನ್ನು ನಡೆಸುವವರಂತೆಯೇ ನೋಡುವವರಿಗೂ ಕೇಳುವವರಿಗೂ ಆಯ್ಕೆಯ ಹೊಣೆಯಿದೆ ಎಂದು ನೆನಪಿಸಿತ್ತು. ಆದರೆ ಹೊಣೆಯೆಂದರೆ ಬರೀ ನಿಷೇಧವಲ್ಲ. ಸಂಜೆಯೆಲ್ಲ ತುಣುಕು ವಿಡಿಯೋಗಳನ್ನು ಬೆರಳಿನಿಂದ ಸರಿಸುತ್ತಾ ಕುಳಿತ ತಂದೆ, ‘ಕೊರಿಯಾ ಗಿರಿಯಾ ಏನೂ ಬೇಡ’ ಎಂದು ಮಗಳನ್ನು ಗದರಿದರೆ ಅದು ನ್ಯಾಯವಾದೀತೇ? ಆಕೆ ನೋಡುತ್ತಿರುವ ಕಥೆಗಾದರೂ ಆದಿ ಅಂತ್ಯಗಳಿವೆ. ಎಲ್ಲಕ್ಕೂ ಹೂಂಗುಟ್ಟಿ ಕೈತೊಳೆದುಕೊಳ್ಳುವ ತಂದೆತಾಯಿಯೂ ಹೊಣೆಯಿಂದ ಪಾರಾಗುವುದಿಲ್ಲ. ಇಬ್ಬರೂ ಒಂದು ಮುಖ್ಯ ಪ್ರಶ್ನೆಯನ್ನು ಕೇಳದೆ ಬಿಟ್ಟಿರುತ್ತಾರೆ: ‘ಮಗಳೇ, ಆ ಕಥೆಯಲ್ಲಿ ನಿನಗೆ ಹಿಡಿಸಿದ್ದು ಏನು?’

ಮಗಳ ಉತ್ತರ ನಮ್ಮನ್ನು ಬೆಚ್ಚಿಬೀಳಿಸಲೂಬಹುದು. ಆ ಕಥೆಗಳಲ್ಲಿ ‘ಊಟ ಆಯಿತೇ?’ ಎಂದು ಒಬ್ಬರು ಇನ್ನೊಬ್ಬರನ್ನು ವಿಚಾರಿಸುತ್ತಾರೆ. ತಂದೆ ತನ್ನ ಮಗಳ ಮುಂದೆ ಕಣ್ಣೀರಿಡುತ್ತಾನೆ. ಮಗ ತಾಯಿಯ ಕ್ಷಮೆ ಬೇಡುತ್ತಾನೆ. ನಮ್ಮ ಮನೆಗಳಲ್ಲಿ ಈ ಮಾತುಗಳಿಗೆ ಬರ ಬಂದಿದ್ದರೆ ಮಕ್ಕಳು ಅವನ್ನು ಸಾವಿರಾರು ಮೈಲಿ ದೂರದ ಕಥೆಯಲ್ಲಿ ಹುಡುಕುತ್ತಾರೆ. ಬಾವಿ ಬತ್ತಿದ ಊರಿನವರು ದೂರದ ನೀರಿಗೆ ಕೊಡ ಹಿಡಿದು ಹೋಗುವುದನ್ನು ನಮ್ಮ ಸೀಮೆ ಚೆನ್ನಾಗಿ ಬಲ್ಲದು. ಆಗ ಕೊಡವನ್ನು ಕಸಿದುಕೊಂಡರೆ ಬಾಯಾರಿಕೆ ತೀರುವುದಿಲ್ಲ.

ಆದ್ದರಿಂದ ಪ್ರಿಯ ಓದುಗರೇ, ಆ್ಯಪ್ ಯಾವುದೇ ಇರಲಿ, ಹೀಗೆ ಮಾಡಿ ನೋಡಬಹುದು. ಮನೆಯವರೆಲ್ಲ ಕುಳಿತು ಒಂದು ಕಥೆಯನ್ನು ಆರಿಸಲಿ. ಆ ಕಥೆ ಇರುವ ತಾಣಕ್ಕೆ, ನಡುಮನೆಯಲ್ಲಿ ನೋಡಬಹುದಾದ ಯೋಜನೆಗೆ, ಎರಡು ತಿಂಗಳ ಹಣವನ್ನು ನ್ಯಾಯವಾಗಿ ಕಟ್ಟಿರಿ. ಕೊರಿಯಾದವರಂತೆ ವಾರಕ್ಕೆ ಎರಡೇ ಕಂತು ನೋಡಿರಿ. ಅಜ್ಜಿಗೆ ಅರ್ಥವಾಗದ್ದನ್ನು ಮೊಮ್ಮಗಳು ಬಿಡಿಸಿ ಹೇಳಲಿ. ಹದಿನಾರನೆಯ ಕಂತು ಮುಗಿದಾಗ ಚಂದಾ ನಿಲ್ಲಿಸಿ, ಪರದೆ ಆರಿಸಿ, ಕೆಲವು ದಿನ ಆ ಕಥೆಯ ಬಗ್ಗೆ ಮಾತಾಡಿಕೊಳ್ಳಿರಿ. ಮುಂದಿನ ಕಥೆ ಬೇಕೆನಿಸಿದರೆ ಮತ್ತೆ ಸೇರಬಹುದು. ಬಾಗಿಲು ಎಲ್ಲಿಯೂ ಹೋಗುವುದಿಲ್ಲ. ಅಷ್ಟರೊಳಗೆ ಊಟವಾಯಿತೇ ಎಂದು ಮಗಳನ್ನು ನೀವೇ ಒಮ್ಮೆ ಕೇಳಿರಿ.