ಹಾಡಿದವಳು, ಗುಂಡಿ ಒತ್ತಿದವನು

ಒಂದು ಹಾಡು ನಮ್ಮ ಬಳಿ ಇದೆ ಎಂದ ಮಾತ್ರಕ್ಕೆ ಅದು ನಮ್ಮದಾಗುತ್ತದೆಯೆ?

ಜೈನಾಪುರದ ನಮ್ಮ ಮನೆಯ ಸಂಗೀತ ಸರ್ವರ್ ಅಂಗೈಯಗಲದ ಒಂದು ರಾಸ್ಪ್‌ಬೆರಿ ಪೈ. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು 2012ರಲ್ಲಿ ಮಾರುಕಟ್ಟೆಗೆ ಬಂದ ಅಗ್ಗದ ಬೋರ್ಡು ಅದು. ಅದರಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳ ಪಕ್ಕದಲ್ಲೇ ಅಜ್ಜಿಯ ಬೀಸುವ ಪದಗಳಿವೆ. ಮನೆಯ ವೈಫೈ ಸಿಗುವಷ್ಟು ದೂರ ಯಾವ ಮೊಬೈಲಿನಲ್ಲೂ ಕೇಳಬಹುದು. ಅದರಾಚೆಗೆ ಇಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಅದರ ನಿರ್ಮಾಪಕ. ಹಾಡಿದವರಿಗೆ ಪ್ರದರ್ಶಕರ ಹಕ್ಕು ಬೇರೆ ಇದೆ. ಆದರೂ ಕರ್ತೃವಿನ ಜಾಗದಲ್ಲಿ ಮೊಬೈಲಿನ ಗುಂಡಿ ಒತ್ತಿದ ನಾನು ಕೂತಿದ್ದೇನೆ. ಅಜ್ಜಿಯನ್ನು ಕೇಳಿದರೆ, 'ನನ್ನವೂ ಅಲ್ಲೋ, ನಮ್ಮವ್ವನಿಂದ ಬಂದಾವ' ಅನ್ನುತ್ತಾಳೆ.

ಅಂತರ್ಜಾಲಕ್ಕೆ ಏರಿಸಿದರೆ ನಾಲ್ಕು ಜನ ಕೇಳುತ್ತಾರೆ, ಪದ ಉಳಿಯುತ್ತದೆ ಎಂಬ ವಾದವಿದೆ. ತೂಕದ ವಾದವೇ. ಆದರೆ ತವರನ್ನು ನೆನೆದು, ಅತ್ತೆಯನ್ನು ಬೈದು ಬೀಸುಕಲ್ಲಿನ ಮುಂದೆ ಹಾಡಿಕೊಂಡಾಗ ಅಜ್ಜಿಯ ಎದುರು ಲೋಕವಿರಲಿಲ್ಲ. ಇಟ್ಟುಕೊಂಡವನಿಗೆ ಕಾಯುವ ಹೊಣೆ ತಾನಾಗಿ ಬರುತ್ತದೆ, ಹಂಚುವ ಅಧಿಕಾರವನ್ನು ಕೇಳಿ ಪಡೆಯಬೇಕು.

ಕಾಯುವುದೂ ಸುಲಭವಲ್ಲ. ಪೈಯ ಮೆಮೊರಿ ಕಾರ್ಡು ಬರೆದು ಅಳಿಸಿ ಸವೆಯುತ್ತದೆ, ಕರೆಂಟು ಥಟ್ಟನೆ ಹೋದರೆ ಕೆಡಲೂಬಹುದು. ಇನ್ನೊಂದು ಪ್ರತಿ ಬೇಕೇ ಬೇಕು. ಎಲ್ಲಿಡಲಿ ಎಂದು ಅಜ್ಜಿಯನ್ನೇ ಕೇಳಿದೆ. ಮಗಳ ಮನೆಯಲ್ಲಿಡು ಅಂದಳು. ಬೀಸುವ ಪದಗಳು ಇಷ್ಟು ಕಾಲ ಉಳಿದದ್ದೂ ಹಾಗೆಯೇ, ಮದುವೆಯಾದ ಹೆಣ್ಣುಮಕ್ಕಳ ಜೊತೆ ಊರಿಂದೂರಿಗೆ ಹೋಗಿ.