ಅಲ್ಪಜೀವಿಗಳ ಸೇವೆಯೂ ಭೂತಯಜ್ಞವಲ್ಲವೆ?

ನವರಾತ್ರಿಯ ಪುಣ್ಯದಿನಗಳಲ್ಲಿ ನಾವು ಆರಾಧಿಸುವ ಜಗನ್ಮಾತೆಯು ಸಮಸ್ತ ಭೂತಗಳಲ್ಲಿಯೂ ನೆಲೆಸಿರುವಳೆಂದು ದೇವೀಮಾಹಾತ್ಮ್ಯವು ಸಾರುತ್ತದೆ. ಬುದ್ಧಿಯಾಗಿ, ನಿದ್ರೆಯಾಗಿ, ಹಸಿವಾಗಿ, ದಯೆಯಾಗಿ, ತಾಯಿಯಾಗಿ ಆಕೆ ಸಕಲ ಜೀವಿಗಳ ಒಳಗೆ ಇರುವಳಂತೆ. ಈ ಸ್ತುತಿಯನ್ನು ಭಕ್ತಿಯಿಂದ ಪಠಿಸುವ ನಾವು 'ಸಮಸ್ತ' ಎಂಬ ಮಾತಿನ ವ್ಯಾಪ್ತಿಯನ್ನು ಎಷ್ಟರಮಟ್ಟಿಗೆ ಯೋಚಿಸಿದ್ದೇವೆ? ಗೋವಿನಲ್ಲಿ, ಗಜದಲ್ಲಿ, ಸಿಂಹದಲ್ಲಿ ದೇವಿಯನ್ನು ಕಾಣುವುದು ನಮಗೆ ಕಷ್ಟವಲ್ಲ. ಆದರೆ ದೀಪಕ್ಕೆರಗುವ ಪತಂಗದಲ್ಲಿ, ಗೋಡೆಯ ಮೂಲೆಯ ಜೇಡದಲ್ಲಿ, ಕಡಲತಡಿಯ ಕಲ್ಲಿಗಂಟಿದ ಚಿಪ್ಪುಜೀವಿಯಲ್ಲಿ ಆಕೆಯನ್ನು ಕಾಣುವ ದೃಷ್ಟಿ ನಮಗುಂಟೆ? ಈ ಕಿರುಜೀವಿಗಳ ವಿಷಯದಲ್ಲಿ ಮನುಷ್ಯನಿಗೆ ಧರ್ಮವೆಂಬುದೇನಾದರೂ ಇದೆಯೆ? ಇದ್ದರೆ, ಮುಂಬಯಿಯಂಥ ಮಹಾನಗರದಲ್ಲಿ ಅದನ್ನು ಆಚರಿಸುವ ಬಗೆ ಯಾವುದು? ಇದೇ ಪ್ರಸ್ತುತ ಲೇಖನದ ವಿಚಾರ.

ದಕ್ಷಿಣ ಕನ್ನಡದಿಂದ ಬಂದ ನಮ್ಮ ಬಂಧುಗಳಿಗೆ ಕಟೀಲಿನ ಸ್ಥಳಪುರಾಣವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಎರಡು ಕಾಲಿನವರಿಂದಾಗಲಿ ನಾಲ್ಕು ಕಾಲಿನವರಿಂದಾಗಲಿ ತನಗೆ ಮರಣ ಬಾರದಿರಲೆಂದು ವರ ಪಡೆದ ಅರುಣಾಸುರನು ಲೋಕಕಂಟಕನಾದಾಗ, ದೇವಿಯು ಭ್ರಮರರೂಪವನ್ನು ತಾಳಿ ಅವನನ್ನು ಸಂಹರಿಸಿದಳು. ನಂದಿನೀ ನದಿಯ ನಡುಗಡ್ಡೆಯಲ್ಲಿ ಇಂದಿಗೂ ಆಕೆ ಪೂಜೆಗೊಳ್ಳುತ್ತಿದ್ದಾಳೆ. ಅಸುರನು ವರ ಬೇಡುವಾಗ ಆರು ಕಾಲಿನ ಜೀವಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವೆಂಬುದು ಈ ಕಥೆಯ ಮರ್ಮ. ಇಂದು ನಾವೂ ಅವುಗಳನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಇಲ್ಲಿಯವರೆಗೆ ವಿಜ್ಞಾನಿಗಳು ಹೆಸರಿಟ್ಟಿರುವ ಕೀಟಜಾತಿಗಳೇ ಸುಮಾರು 10 ಲಕ್ಷ. ಹೆಸರಿಡಲಾಗಿರುವ ಒಟ್ಟು ಪ್ರಾಣಿಜಾತಿಗಳಲ್ಲಿ ಬೆನ್ನೆಲುಬುಳ್ಳವು ನೂರಕ್ಕೆ ಐದರ ಆಸುಪಾಸು ಮಾತ್ರ. ಹಾಗಿರುವಾಗ ಬೆನ್ನೆಲುಬಿಲ್ಲದವುಗಳನ್ನು ಬಿಟ್ಟು 'ಸರ್ವಭೂತದಯೆ'ಯ ಮಾತನ್ನಾಡುವುದು ಊರಿಗೆ ಊರನ್ನೇ ಹೊರಗಿಟ್ಟು ಸಂತರ್ಪಣೆ ನಡೆಸಿದಂತಾಗುವುದಿಲ್ಲವೆ?

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಗೃಹಸ್ಥನಾದವನು ದಿನನಿತ್ಯ ನಡೆಸಬೇಕಾದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ತಾನು ಉಣ್ಣುವ ಮೊದಲು ನಾಯಿಗೆ, ಕಾಗೆಗೆ, ಕ್ರಿಮಿಕೀಟಗಳಿಗೆ ಒಂದು ಪಾಲನ್ನು ನೆಲದ ಮೇಲೆ ತೆಗೆದಿಡಬೇಕೆಂದು ಧರ್ಮಶಾಸ್ತ್ರವು ವಿಧಿಸಿತು. ಹೊಸ್ತಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ರಂಗವಲ್ಲಿ ಇಕ್ಕುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಅದು ಇರುವೆಗಳಿಗೂ ಆಹಾರವೆಂಬುದು ತಿಳಿದಿತ್ತು. ಕರಾವಳಿಯ ನಾಗಬನ, ಕೊಡಗಿನ ದೇವರಕಾಡುಗಳಲ್ಲಿ ಕೊಡಲಿಯಾಡದೆ ಉಳಿದ ಮರಗಳ ನೆರಳಿನಲ್ಲಿ ಅಸಂಖ್ಯ ಕಿರುಜೀವಿಗಳೂ ಉಳಿದುಕೊಂಡವು. ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ 24 ಮಂದಿ ಗುರುಗಳನ್ನು ಹೇಳುವಾಗ ಸೂರ್ಯಚಂದ್ರರ ಜೊತೆಗೆ ಪತಂಗ, ಜೇನುನೊಣ, ಜೇಡ, ಕಣಜಗಳನ್ನೂ ಎಣಿಸುತ್ತಾನೆ. ಕೀಟವನ್ನು ಗುರುವೆಂದು ಕರೆದ ಪರಂಪರೆಯಲ್ಲಿ ಕೀಟದ ಸೇವೆಯು ಹೀನಕಾರ್ಯವಾಗಲು ಹೇಗೆ ಸಾಧ್ಯ?

ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ಇಲ್ಲಿಯ ಬಾಳುವೆಯೇ ಬೇರೆ. ಏಳನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ಅಂಗಳವೆಲ್ಲಿ, ಬಲಿಹರಣದ ನೆಲವೆಲ್ಲಿ? ರಂಗವಲ್ಲಿಯ ಜಾಗಕ್ಕೆ ಅಂಟುಕಾಗದದ ಚಿತ್ರ ಬಂದಿದೆ. ಕೀಟವೆಂದರೆ ವರ್ಷಕ್ಕೊಮ್ಮೆ ಔಷಧ ಸಿಂಪಡಿಸುವವನಿಗೆ ಒಪ್ಪಿಸಿಬಿಡುವ ತೊಂದರೆ ಎಂಬಷ್ಟೇ ನಮ್ಮ ಮಕ್ಕಳ ಅರಿವು. ಹಾಗೆಂದು ಭೂತಯಜ್ಞವು ನಗರದಲ್ಲಿ ಮುಗಿದೇಹೋಯಿತೆಂದು ತೀರ್ಮಾನಿಸುವುದು ಸರಿಯಲ್ಲ. ಅದರ ರೂಪ ಬದಲಾಗಬೇಕಾಗಿದೆ. ಹಿಂದೆ ಅನ್ನದ ಪಾಲು ಕೊಡುತ್ತಿದ್ದವರು ಇಂದು ಸಮಯದ ಪಾಲನ್ನೂ ಗಮನದ ಪಾಲನ್ನೂ ಕೊಡಬಹುದು. ಈ ನಗರದಲ್ಲಿಯೇ ಕೆಲವರು ಅದನ್ನು ಸದ್ದಿಲ್ಲದೆ ನಡೆಸುತ್ತಿದ್ದಾರೆ.

ಇದು ಅಗತ್ಯವೆ ಎಂದು ಕೇಳುವವರಿಗೆ ಮಹಾಭಾರತದ ಆದಿಪರ್ವದಲ್ಲಿ ಬರುವ ಮಾಂಡವ್ಯಋಷಿಯ ಕಥೆಯನ್ನು ನೆನಪಿಸಬೇಕು. ಕಳ್ಳರು ಆಶ್ರಮದಲ್ಲಿ ಅಡಗಿಸಿಟ್ಟ ಮಾಲಿನ ದೆಸೆಯಿಂದ ಮೌನವ್ರತದಲ್ಲಿದ್ದ ನಿರಪರಾಧಿ ಮುನಿಯು ಶೂಲಕ್ಕೇರಬೇಕಾಯಿತು. ತನಗೇಕೆ ಈ ಶಿಕ್ಷೆಯೆಂದು ಧರ್ಮದೇವತೆಯನ್ನು ಕೇಳಿದಾಗ, ಬಾಲ್ಯದಲ್ಲಿ ನೀನು ಕೀಟಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲವಿದೆಂಬ ಉತ್ತರ ಬಂತು. ಕುಪಿತನಾದ ಮುನಿಯು ಧರ್ಮನಿಗೆ ಶಾಪವಿತ್ತನು. ಆ ಶಾಪದಿಂದ ಹುಟ್ಟಿದವನೇ ವಿದುರ. ಅಷ್ಟಕ್ಕೇ ನಿಲ್ಲದೆ, 14 ವರ್ಷ ತುಂಬುವವರೆಗೆ ಮಾಡಿದ ಕೃತ್ಯವು ಪಾಪವೆನಿಸಕೂಡದೆಂಬ ಮರ್ಯಾದೆಯನ್ನೂ ಅವನು ಲೋಕಕ್ಕೆ ಹಾಕಿಕೊಟ್ಟನು.

ಈ ಕಥೆಯಲ್ಲಿ ಎರಡು ತೀರ್ಪುಗಳಿವೆ. ಕೀಟದ ನೋವೂ ಧರ್ಮದ ಖಾತೆಯಲ್ಲಿ ದಾಖಲಾಗುತ್ತದೆ ಎಂಬುದು ಮೊದಲನೆಯದು. ಅರಿಯದ ವಯಸ್ಸಿನಲ್ಲಿ ಮಾಡಿದ್ದಕ್ಕೆ ಕ್ಷಮೆಯುಂಟು ಎಂಬುದು ಎರಡನೆಯದು. ಹಾಗಾದರೆ ಅರಿತವರ ಗತಿಯೇನು? ಪ್ರಪಂಚದ ಮುಖ್ಯ ಆಹಾರಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆಗಳು ಜೇನು ಮೊದಲಾದ ಜೀವಿಗಳ ಪರಾಗಸ್ಪರ್ಶವನ್ನು ಅಲ್ಪಸ್ವಲ್ಪವಾದರೂ ಅವಲಂಬಿಸಿವೆಯೆಂದು ನಮಗೆ ಇಂದು ಗೊತ್ತು. ಹಬ್ಬದ ಪಾಯಸಕ್ಕೆ ಬೀಳುವ ಏಲಕ್ಕಿ, ಸಾರಿಗೆ ಬೀಳುವ ಕುಂಬಳ, ಕೋಸಂಬರಿಯ ಸೌತೆ, ಇವೆಲ್ಲ ಜೇನಿನ ದುಡಿಮೆಯ ಫಲ. ಎಲೆಕಸವನ್ನು ಮಣ್ಣಾಗಿಸುವ ಎರೆಹುಳ, ಗೆದ್ದಲುಗಳಿಲ್ಲದೆ ಕಾಡೇ ಇಲ್ಲ. ಕಾಡಿಲ್ಲದೆ ಈ ನಗರಕ್ಕೆ ಕುಡಿಯುವ ನೀರಿಲ್ಲ. ತುಳಸಿ, ವಿಹಾರ್ ಕೆರೆಗಳು ತುಂಬುವುದು ಕಾಡಿನ ಮಡಿಲಿನಲ್ಲಿಯೇ. ಇಷ್ಟನ್ನು ತಿಳಿದ ಮೇಲೆ ಮಾಂಡವ್ಯನ ವಿನಾಯಿತಿಯನ್ನು ನಾವು ಕೇಳುವಂತಿಲ್ಲ.

ಇನ್ನು ನಗರದಲ್ಲಿ ನಡೆಯುತ್ತಿರುವ ಸೇವೆಯನ್ನು ನೋಡೋಣ. 1883ರಲ್ಲಿ ಇಲ್ಲಿ ಸ್ಥಾಪನೆಗೊಂಡ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರಂಪರೆ ದೊಡ್ಡದು. ಗೋರೆಗಾಂವಿನಲ್ಲಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಅದರ ಶಿಕ್ಷಣಕೇಂದ್ರದಲ್ಲಿ ಚಿಟ್ಟೆಗಳ ಪರಿಚಯಕ್ಕೆ ಅವಕಾಶವಿದೆ. 2015ರಲ್ಲಿ ಮಹಾರಾಷ್ಟ್ರವು ಬ್ಲೂ ಮಾರ್ಮನ್ ಚಿಟ್ಟೆಯನ್ನು ರಾಜ್ಯಚಿಟ್ಟೆಯೆಂದು ಘೋಷಿಸಿತು. ಹೀಗೆ ಮಾಡಿದ ರಾಜ್ಯಗಳಲ್ಲಿ ಇದೇ ಮೊದಲನೆಯದು. 2020ರಿಂದ ಸೆಪ್ಟೆಂಬರ್ ತಿಂಗಳಲ್ಲಿ ದೇಶದಾದ್ಯಂತ ಆಸಕ್ತರು ಚಿಟ್ಟೆಗಳನ್ನು ಎಣಿಸುವ ಪರಿಪಾಠ ಬೆಳೆದಿದೆ. 2017ರಲ್ಲಿ ಆರಂಭವಾದ 'ಮರೈನ್ ಲೈಫ್ ಆಫ್ ಮುಂಬಯಿ' ಎಂಬ ಸ್ವಯಂಸೇವಕರ ಕೂಟದವರು ಇಳಿತದ ವೇಳೆಯಲ್ಲಿ ಗಿರಗಾಂವ್, ಹಾಜಿ ಅಲಿ, ಜುಹೂ ತೀರಗಳಿಗೆ ಜನರನ್ನು ಕರೆದೊಯ್ದು ಏಡಿ, ಕಡಲಗೊಂಡೆ, ಸ್ಪಂಜು, ಹವಳಗಳನ್ನು ತೋರಿಸುತ್ತಾರೆ, ಕಂಡದ್ದನ್ನು ದಾಖಲಿಸುತ್ತಾರೆ. ಕೊಳಕೆಂದು ನಾವು ಮೂಗು ಮುಚ್ಚಿಕೊಳ್ಳುವ ಕಡಲು ಇಷ್ಟೊಂದು ಜೀವಗಳ ತೊಟ್ಟಿಲೆಂಬುದನ್ನು ಕಂಡು ಬೆರಗಾಗದವರು ವಿರಳ.

ಬರಿದೆ ನೋಡಿ ಬರೆದಿಡುವುದು ಸೇವೆ ಹೇಗಾದೀತೆಂಬ ಪ್ರಶ್ನೆ ಏಳಬಹುದು. ಬ್ಯಾಂಕಿನ ಲೆಡ್ಜರಿನ ಮುಂದೆ ವರ್ಷಗಟ್ಟಲೆ ಕುಳಿತ ನಮ್ಮಂಥ ಗುಮಾಸ್ತರಿಗೆ ಇದರ ಉತ್ತರ ಸುಲಭವಾಗಿ ಹೊಳೆಯುತ್ತದೆ. ದಾಖಲೆಯಲ್ಲಿ ಇಲ್ಲದ ಹಣವನ್ನು ಯಾರೂ ಕಾಯುವುದಿಲ್ಲ. ಅದು ಕಳೆದುಹೋದರೆ ಕಳೆದುದೆಂದು ಹೇಳುವವರೂ ಇರುವುದಿಲ್ಲ. ಜೀವಿಗಳ ವಿಷಯದಲ್ಲಿಯೂ ಹಾಗೆಯೇ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ರಕ್ಷಣೆಯಿದೆ. ಅವು ವರಳಿ, ಹಾಜಿ ಅಲಿಗಳ ಬಂಡೆಗಳ ಮೇಲೆ ಇವೆಯೆಂದು ಗೊತ್ತಿದ್ದ ಕಾರಣದಿಂದಲೇ, ಕರಾವಳಿ ರಸ್ತೆಯ ನಿರ್ಮಾಣಕಾಲದಲ್ಲಿ, 2020ರಲ್ಲಿ, ಅನುಮತಿ ಪಡೆದು ಅವುಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಸಾಗಿಸಿದ್ದು ಸಾಕೆ, ರಸ್ತೆಯೇ ಅಲ್ಲಿ ಬೇಕಿತ್ತೆ ಎಂಬ ವಾದಗಳು ಬೇರೆ. ದಾಖಲೆಯಿಲ್ಲದಿದ್ದರೆ ವಾದಕ್ಕೂ ಆಸ್ಪದವಿರುತ್ತಿರಲಿಲ್ಲ. 2021ರಲ್ಲಿ ಥಾಣೆಯ ಪರಿಸರದಲ್ಲಿ ಕಂಡ ಒಂದು ಹೊಸ ಜಾತಿಯ ನೆಗೆಜೇಡಕ್ಕೆ ಸಂಶೋಧಕರು ಇಟ್ಟ ಹೆಸರು ಐಸಿಯಸ್ ತುಕಾರಾಮಿ. 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯ ಬಳಿ ಬರಿಗೈಯಲ್ಲಿ ಭಯೋತ್ಪಾದಕನನ್ನು ಹಿಡಿದು ಪ್ರಾಣ ತೆತ್ತ ಪೋಲೀಸ್ ಅಧಿಕಾರಿ ತುಕಾರಾಮ್ ಓಂಬಳೆಯವರ ನೆನಪು ಅದು. ನಗರವು ತನ್ನ ಧೀರನ ಹೆಸರನ್ನು ಒಂದು ಪುಟ್ಟ ಜೇಡದ ಕೈಯಲ್ಲಿ ಕೊಟ್ಟಿದೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ಕಾಲುದಾರಿಯ ಮೇಲೆ ಮನುಷ್ಯರು ಮಲಗುವ ಊರಿನಲ್ಲಿ ಹುಳುವಿನ ಸೇವೆಗೆ ಹೊರಡುವುದು ಸಿರಿವಂತರ ವಿನೋದವಲ್ಲವೆ? ಈ ಮಾತಿನಲ್ಲಿ ತೂಕವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಶಾಸ್ತ್ರಕಾರರು ಮನುಷ್ಯಯಜ್ಞವನ್ನೂ ಭೂತಯಜ್ಞವನ್ನೂ ಬೇರೆ ಬೇರೆಯಾಗಿ ಹೇಳಿದ್ದಾರೆಂಬುದನ್ನು ಗಮನಿಸಬೇಕು. ಒಂದು ಖಾತೆಗೆ ಕಟ್ಟಿದ ಹಣದಿಂದ ಇನ್ನೊಂದು ಖಾತೆಯ ಸಾಲ ತೀರುವುದಿಲ್ಲ. ಹುಳುವನ್ನು ಉಳಿಸಿದೆನೆಂದು ಹಸಿದವನಿಗೆ ಬಾಗಿಲು ಮುಚ್ಚುವಂತಿಲ್ಲ. ಹಸಿದವನಿಗೆ ಅನ್ನವಿಕ್ಕಿದೆನೆಂದು ಬಂಡೆಯ ಮೇಲಿನ ಜೀವಿಯನ್ನು ತುಳಿಯುವಂತೆಯೂ ಇಲ್ಲ. ಅಲ್ಲದೆ ಬಡವರ ಹಿತಕ್ಕೂ ಈ ಜೀವಿಗಳ ಹಿತಕ್ಕೂ ವಿರೋಧವಿಲ್ಲ. ಈ ನಗರದ ಆದಿನಿವಾಸಿಗಳಾದ ಕೋಳಿ ಜನರು ಸೀಗಡಿ, ಏಡಿ, ಕಪ್ಪೆಚಿಪ್ಪುಗಳಿಂದಲೇ ಬದುಕು ಸಾಗಿಸಿಕೊಂಡು ಬಂದವರು. ತೀರವು ಬರಿದಾದರೆ ಮೊದಲು ಬರಿದಾಗುವುದು ಅವರ ಬುಟ್ಟಿ.

ಸೊಳ್ಳೆಯನ್ನೂ ಉಳಿಸಬೇಕೆ ಎಂದು ನಗುವವರೂ ಉಂಟು. ಮಲೇರಿಯ, ಡೆಂಗಿ ಜ್ವರಗಳಿಂದ ಮಕ್ಕಳನ್ನು ಕಾಪಾಡುವುದು ತಂದೆತಾಯಿಗಳ ಧರ್ಮ. ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲುವುದು ಪಾಪವಲ್ಲ. ಭೂತದಯೆಯು ಮೌಢ್ಯವನ್ನು ಬೇಡುವುದಿಲ್ಲ, ವಿವೇಕವನ್ನು ಬೇಡುತ್ತದೆ. ಆತ್ಮರಕ್ಷಣೆಗಾಗಿ ಒಂದನ್ನು ನಿವಾರಿಸುವುದಕ್ಕೂ ಬೇಸರಕ್ಕಾಗಿ ಎಲ್ಲವನ್ನೂ ನಾಶಮಾಡುವುದಕ್ಕೂ ಇರುವ ಅಂತರವನ್ನು ತಿಳಿಯುವುದೇ ಆ ವಿವೇಕ. ಕಟ್ಟಡದ ಸೂರಿನಡಿ ಹೆಜ್ಜೇನು ಕಟ್ಟಿದರೆ ಬೆಂಕಿಯ ಮಾತು ಕೂಡಲೆ ಏಳುತ್ತದೆ. ಹೆಜ್ಜೇನು ಋತುವಿಗನುಸಾರವಾಗಿ ವಲಸೆ ಹೋಗುವ ಜೀವಿ. ಹೂವಿನ ಕಾಲ ಮುಗಿದರೆ ಎರಿಯನ್ನು ಬಿಟ್ಟು ತಾನಾಗಿ ತೆರಳುತ್ತದೆ. ಜನಸಂಚಾರದ ದಾರಿಯಲ್ಲಿ ಕಟ್ಟಿದ್ದರೆ ಬಲ್ಲವರನ್ನು ಕರೆಸಿ ಸುರಕ್ಷಿತವಾಗಿ ತೆರವುಗೊಳಿಸಬೇಕಾದೀತು. ಯಾರ ತಂಟೆಗೂ ಬಾರದ ಎತ್ತರದಲ್ಲಿದ್ದರೆ ಕೆಲವು ವಾರಗಳ ತಾಳ್ಮೆ ಸಾಕು. ಸೊಸೈಟಿಯ ಸಭೆಯಲ್ಲಿ ಎದ್ದುನಿಂತು ಈ ತಾಳ್ಮೆಯ ಪರವಾಗಿ ನಾಲ್ಕು ಮಾತನಾಡುವುದೂ ಒಂದು ಸ್ವಯಂಸೇವೆಯೇ. ಭ್ರಮರಾಂಬಿಕೆಯ ಭಕ್ತರಿಗೆ ಇದಕ್ಕಿಂತ ಸಹಜವಾದ ಸೇವೆ ಯಾವುದು?

ಬಾಲ್ಕನಿಯ ಕುಂಡದಲ್ಲಿ ಕರಿಬೇವು ಬೆಳೆಸದ ಕನ್ನಡಿಗರ ಮನೆ ಅಪರೂಪ. ನಿಂಬೆಯ ಚಿಟ್ಟೆ, ಕಾಮನ್ ಮಾರ್ಮನ್ ಚಿಟ್ಟೆಗಳು ಆ ಗಿಡದ ಚಿಗುರಿನ ಮೇಲೆ ಮೊಟ್ಟೆಯಿಡುತ್ತವೆ. ಮರಿಹುಳುವು ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಬಳಿಕ ಎಲೆಯ ಹಸುರು ತಳೆದು, ಒಂದಿಷ್ಟು ಸೊಪ್ಪು ತಿಂದು ಕೋಶದೊಳಗೆ ಸೇರುತ್ತದೆ. ಒಗ್ಗರಣೆಗೆ ನಾಲ್ಕು ಎಲೆ ಕಡಮೆಯಾದರೆ ಊಟ ಕೆಡುವುದಿಲ್ಲ. ಆ ನಾಲ್ಕು ಎಲೆಗಳೇ ಅಂಗಳವಿಲ್ಲದ ಮನೆಯ ಭೂತಬಲಿ. ರಥಸಪ್ತಮಿಗೆ ನಾವು ಹುಡುಕುವ ಎಕ್ಕದ ಗಿಡವೂ ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳಿಗೆ ಆಹಾರ. ಕಂಪೌಂಡಿನ ಮೂಲೆಯಲ್ಲಿ ಅದೊಂದನ್ನು ಕಳೆಯೆಂದು ಕೀಳದೆ ಬಿಟ್ಟರೆ ಸಾಕು. ರಜಾದಿನ ಒಂದು ಗಂಟೆ ಮಕ್ಕಳೊಡನೆ ತೀರಕ್ಕೋ ಉದ್ಯಾನಕ್ಕೋ ಹೋಗಿ ಬಲ್ಲವರ ಜೊತೆ ನಡೆದು ಕಂಡದ್ದನ್ನು ಬರೆದಿಡುವುದಕ್ಕೆ ಪದವಿ ಬೇಡ, ಹಣವೂ ಬೇಡ. ಅಲ್ಲಿಯೂ ಒಂದು ನಿಯಮವುಂಟು: ಮಗುಚಿದ ಕಲ್ಲನ್ನು ಇದ್ದಂತೆಯೇ ಮರಳಿ ಇಡಬೇಕು, ಜೀವಿಯನ್ನು ಮನೆಗೆ ತರಬಾರದು, ಚಿತ್ರದ ಆಸೆಗಾಗಿ ಅದನ್ನು ಕಾಡಬಾರದು. ಸೇವೆಯ ಹೆಸರಿನಲ್ಲಿ ಅಹಂಕಾರ ಬೆಳೆದರೆ ಅದು ಸೇವೆಯಾಗಿ ಉಳಿಯುವುದಿಲ್ಲ.

ಕೊನೆಯದಾಗಿ ಒಂದು ಮಾತು. ಮನುಷ್ಯರಿಗೆ ಮಾಡಿದ ಉಪಕಾರಕ್ಕೆ ಕೃತಜ್ಞತೆ ದೊರೆಯಬಹುದು, ನಾಯಿಯು ಬಾಲವನ್ನಾದರೂ ಆಡಿಸೀತು. ಜೇಡವಾಗಲಿ ಹವಳವಾಗಲಿ ನಮ್ಮನ್ನು ಗುರುತಿಸುವುದೂ ಇಲ್ಲ, ಹರಸುವುದೂ ಇಲ್ಲ. ಫಲಾಪೇಕ್ಷೆಯಿಲ್ಲದ ಕರ್ಮವನ್ನು ಗೀತೆಯಲ್ಲಿ ಭಗವಂತನು ಬೋಧಿಸಿದನೆಂದು ನಾವು ವರುಷವರುಷ ಪ್ರವಚನಗಳಲ್ಲಿ ಕೇಳುತ್ತೇವೆ. ಅದನ್ನು ಅಭ್ಯಾಸ ಮಾಡುವುದಕ್ಕೆ ತಕ್ಕ ಎಡೆ ಸಿಗದೆಂದು ಕೊರಗುತ್ತೇವೆ. ಧನ್ಯವಾದವೇ ಬಾರದೆಂದು ಮೊದಲೇ ಖಚಿತವಾಗಿರುವ ಸೇವೆಗಿಂತ ಉತ್ತಮವಾದ ಅಭ್ಯಾಸ ಯಾವುದಿದ್ದೀತು? ಆಯುಧಪೂಜೆಯ ದಿನ ನಾವು ಲೇಖನಿಗೂ ಯಂತ್ರಕ್ಕೂ ವಾಹನಕ್ಕೂ ಹೂವೇರಿಸಿ ನಮಗಾಗಿ ದುಡಿಯುವ ಜಡವಸ್ತುಗಳಿಗೂ ಕೃತಜ್ಞತೆ ಸಲ್ಲಿಸುತ್ತೇವೆ. ಆ ಹೂವನ್ನು ಕಾಯಾಗಿಸುವ ಜೀವವಂತ ದುಡಿಮೆಗಾರರನ್ನು ಅಂದಾದರೂ ನೆನೆಯುವುದು ಉಚಿತವಲ್ಲವೆ? ಸಮಸ್ತ ಭೂತಗಳಲ್ಲಿ ನೆಲೆಸಿದ ಆ ತಾಯಿಯು ನಮ್ಮ ಕಣ್ಣಿಗೆ ಅತ್ಯಲ್ಪವಾದುದನ್ನೂ ಕಾಣುವ ಬೆಳಕನ್ನು, ಕಂಡುದನ್ನು ಕಾಯುವ ಮನಸ್ಸನ್ನು ಕರುಣಿಸಲಿ.